ಆಗಿಂದಾಗ ರಚಿತವಾಗುವ ಜಾಲಪುಟಗಳ ಶೀಘ್ರತೆಯ ವಿಚಾರ

ಅಂತರ್ಜಾಲದಲ್ಲಿ ನಾವು ಓದುವ ಪುಟಗಳು ಎರಡು ಬಗೆಯವು. ಮೊದಲೇ ಬರೆದು ಅಣಿಮಾಡಿಟ್ಟು, ಕೇಳಿದವರಿಗೆಲ್ಲ ಇದ್ದುದನ್ನು ಇದ್ದಂತೆಯೇ ಕೊಡತಕ್ಕವು ಒಂದು ಬಗೆ. ಓದುಗನು ಕೇಳಿದ ಮೇಲೆ ಯಂತ್ರವು ಅಲ್ಲಲ್ಲಿಯ ಸಾಮಗ್ರಿಯನ್ನು ಒಟ್ಟುಗೂಡಿಸಿ ಆ ಕ್ಷಣದಲ್ಲಿ ರಚಿಸಿ ಕೊಡತಕ್ಕವು ಇನ್ನೊಂದು ಬಗೆ. ವ್ಯಾಕರಣಶಾಸ್ತ್ರದ ಮಾತುಗಳನ್ನು ಎರವಲು ತಂದು ಮೊದಲಿನದನ್ನು ಸಿದ್ಧಪುಟವೆಂದೂ ಎರಡನೆಯದನ್ನು ಸಾಧ್ಯಪುಟವೆಂದೂ ಈ ಲೇಖನದ ಮಟ್ಟಿಗೆ ಕರೆಯೋಣ. ವಿಕಿಪೀಡಿಯ, ವೃತ್ತಪತ್ರಿಕೆಗಳ ತಾಣಗಳು, ರೈಲಿನ ಟಿಕೆಟ್ಟು ಕೊಳ್ಳುವ ತಾಣ, ಗ್ರಂಥಾಲಯಗಳ ಸೂಚಿಗಳು ಇವೆಲ್ಲವೂ ಬಹುಮಟ್ಟಿಗೆ ಎರಡನೆಯ ವರ್ಗಕ್ಕೆ ಸೇರಿದವು. ಸಾಧ್ಯಪುಟವು ಓದುಗನ ಕಣ್ಣಿಗೆ ಶೀಘ್ರವಾಗಿ ಬೀಳಬೇಕಾದರೆ ಏನೇನು ಬೇಕೆಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಶಾಸ್ತ್ರಗಳನ್ನು ಓದಿಕೊಂಡವನಿಗೆ ಈ ಯಂತ್ರವಿಚಾರದ ಗೊಡವೆಯೇತಕ್ಕೆಂದು ಕೆಲವರು ಕೇಳಿಯಾರು. ಕಾರಣವುಂಟು. ಕೆಲವು ವರ್ಷಗಳ ಹಿಂದೆ, ಓಲೆಗರಿಗಳ ದೊಡ್ಡ ಸಂಗ್ರಹವುಳ್ಳ ಒಂದು ಸಂಸ್ಥೆಯವರು (ಹೆಸರು ಇಲ್ಲಿ ಅನಗತ್ಯ) ತಮ್ಮ ಹಸ್ತಪ್ರತಿಗಳ ಸೂಚಿಯನ್ನು ಅಂತರ್ಜಾಲದಲ್ಲಿ ಪ್ರಕಟಿಸಿದರು. ಬಹುಕಾಲದಿಂದ ಎದುರುನೋಡುತ್ತಿದ್ದ ಕಾರ್ಯವಾದುದರಿಂದ ನನ್ನಂತಹವರಿಗೆ ಹಬ್ಬವೇ ಆಯಿತು. ಆದರೆ ಗ್ರಂಥಕರ್ತನ ಹೆಸರನ್ನು ಕೊಟ್ಟು ಹುಡುಕಿದರೆ, ಪುಟವು ತೆರೆಯುವಷ್ಟರಲ್ಲಿ ನಾನು ಒಂದು ಅನುವಾಕವನ್ನು ಹೇಳಿ ಮುಗಿಸಬಹುದಾಗಿತ್ತು. ಹಳ್ಳಿಗಳಲ್ಲಿದ್ದು ಮೊಬೈಲಿನಲ್ಲಿ ನೋಡುವ ವಿದ್ಯಾರ್ಥಿಗಳಿಗಂತೂ ಅನೇಕ ವೇಳೆ ಪುಟವು ತೆರೆಯುತ್ತಲೇ ಇರಲಿಲ್ಲ. ಅವರು ಬೇಸತ್ತು, ಹಳೆಯ ಅಚ್ಚಿನ ಸೂಚಿಯನ್ನು ನೋಡಿ ಹೇಳಬೇಕೆಂದು ನನಗೇ ದೂರವಾಣಿ ಮಾಡತೊಡಗಿದರು. ಇಷ್ಟು ಶ್ರಮಪಟ್ಟು ಮಾಡಿದ ಸೂಚಿಯು ಇದ್ದೂ ಇಲ್ಲದಂತಾಯಿತು. ಬಾಲ್ಯದಲ್ಲಿ ನನ್ನಲ್ಲಿ ಅಮರವನ್ನು ಓದಿ, ಈಗ ಬೆಂಗಳೂರಿನಲ್ಲಿ ಗಣಕಯಂತ್ರದ ಉದ್ಯೋಗದಲ್ಲಿರುವ ಶಿಷ್ಯನೊಬ್ಬನಿಗೆ ಇದನ್ನು ತೋರಿಸಿದೆನು. ಅವನು ಸ್ವಲ್ಪ ಹೊತ್ತು ಪರೀಕ್ಷಿಸಿ, "ಗುರುಗಳೇ, ಇದು ದಾರಿಯ ದೋಷವಲ್ಲ, ಅಡಿಗೆಮನೆಯ ದೋಷ" ಎಂದನು. ಆ ಮಾತಿನ ಅರ್ಥವನ್ನು ತಿಳಿಯಹೊರಟುದೇ ಈ ವಿಚಾರಕ್ಕೆ ಮೂಲ.

ದಾರಿಯ ವಿಷಯವನ್ನು ಮೊದಲು ಮುಗಿಸಿಬಿಡೋಣ. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ೨ ಲಕ್ಷ ಕಿಲೋಮೀಟರು ನಡೆಯುತ್ತದೆ. ವಿಕಿಪೀಡಿಯದ ಮುಖ್ಯ ಯಂತ್ರಾಗಾರಗಳಲ್ಲೊಂದು ಅಮೆರಿಕದ ವರ್ಜೀನಿಯ ಪ್ರಾಂತದಲ್ಲಿದೆ. ಬೆಂಗಳೂರಿನಿಂದ ಅದು ಹದಿಮೂರು ಸಾವಿರ ಕಿಲೋಮೀಟರಿಗೂ ಮೀರಿದ ದೂರ. ಒಮ್ಮೆ ಹೋಗಿಬರುವುದಕ್ಕೆ ಸೆಕೆಂಡಿನ ಎಂಟನೆಯ ಒಂದು ಭಾಗಕ್ಕಿಂತ ಕಡಮೆಯಾಗುವಂತಿಲ್ಲ. ಯಾವ ಯಂತ್ರಶಿಲ್ಪಿಯೂ ಇದನ್ನು ತಗ್ಗಿಸಲಾರನು. ಅಷ್ಟೇ ಆದರೆ ಚಿಂತೆಯಿಲ್ಲ. ಪುಟವನ್ನು ಕೇಳುವುದಕ್ಕೆ ಮೊದಲು ಎರಡು ಯಂತ್ರಗಳೂ ಪರಸ್ಪರ ಪರಿಚಯ ಮಾಡಿಕೊಂಡು, ಆಡುವ ಮಾತು ಮೂರನೆಯವರಿಗೆ ತಿಳಿಯದಂತೆ ಗೂಢಲಿಪಿಯ ಒಪ್ಪಂದವನ್ನೂ ಮಾಡಿಕೊಳ್ಳಬೇಕು. ಇದಕ್ಕೆ ಎರಡು ಮೂರು ಓಡಾಟಗಳಾದ ಮೇಲೆ ಪುಟವನ್ನು ಕೇಳುವ ಓಡಾಟ. ಹೀಗೆ ಬರಿಯ ನಡಿಗೆಗೇ ಸುಮಾರು ಅರ್ಧ ಸೆಕೆಂಡು ಸಲ್ಲುತ್ತದೆ. ಇದಕ್ಕೆ ಪರಿಹಾರವೆಂದರೆ ಓದುಗನ ಸಮೀಪದಲ್ಲಿ ಒಂದು ಠಾಣ್ಯವನ್ನಿಡುವುದು. ವಿಕಿಪೀಡಿಯದವರು ೨೦೧೮ರಲ್ಲಿ ಏಷ್ಯದ ಓದುಗರಿಗಾಗಿ ಸಿಂಗಪುರದಲ್ಲಿ ಅಂತಹ ಠಾಣ್ಯವನ್ನು ತೆರೆದರು. ಸಿಂಗಪುರವು ಬೆಂಗಳೂರಿಗೆ ಮೂರು ಸಾವಿರ ಚಿಲ್ಲರೆ ಕಿಲೋಮೀಟರು. ವರ್ಜೀನಿಯದ ದೂರದಲ್ಲಿ ನಾಲ್ಕರಲ್ಲೊಂದು ಪಾಲು. ದಾರಿಯ ವಿಷಯ ಇಷ್ಟೇ. ನಮ್ಮ ಹಸ್ತಪ್ರತಿಸೂಚಿಯ ಯಂತ್ರವಾದರೋ ನಮ್ಮ ದೇಶದಲ್ಲಿಯೇ ಇದ್ದಿತು.

ಇನ್ನು ಅಡಿಗೆಮನೆಗೆ ಬರೋಣ. ಸಾಧ್ಯಪುಟದ ಸಾಮಗ್ರಿಯೆಲ್ಲವೂ ಡೇಟಾಬೇಸ್ ಎಂಬ ಉಗ್ರಾಣದಲ್ಲಿ ಇರುತ್ತದೆ. ಪುಟವನ್ನು ರಚಿಸುವ ಪ್ರೋಗ್ರಾಮು ಪಾಚಕನಂತೆ. ತನಗೆ ಬೇಕಾದುದನ್ನು ಉಗ್ರಾಣಿಯನ್ನು ಕೇಳಿ ತಂದು, ಬೇಯಿಸಿ, ಬಡಿಸಲು ಕಳುಹಿಸುತ್ತದೆ. ನಮ್ಮ ಸೂಚಿಯ ಅಡಿಗೆಮನೆಯಲ್ಲಿ ಎರಡು ದೋಷಗಳು ಕಂಡುಬಂದುವು. ಗ್ರಂಥಕರ್ತರ ಹೆಸರುಗಳಿಗೆ ಉಗ್ರಾಣದಲ್ಲಿ ಅಕಾರಾದಿ ಇರಲಿಲ್ಲ. ಆದುದರಿಂದ ಒಂದು ಹೆಸರನ್ನು ಹುಡುಕಲು ಉಗ್ರಾಣಿಯು ಮೊದಲಿನಿಂದ ಕೊನೆಯವರೆಗೆ ಪ್ರತಿಯೊಂದು ನಮೂದನ್ನೂ ಓದಬೇಕಾಗಿತ್ತು. ಒಂದು ಲಕ್ಷ ಹೆಸರುಗಳು ಕ್ರಮವಾಗಿ ಜೋಡಿಸಿದ್ದರೆ, ನಡುವೆ ತೆರೆದು ನೋಡಿ ಅರ್ಧವನ್ನು ಬಿಟ್ಟು, ಉಳಿದುದರ ನಡುವೆ ಮತ್ತೆ ತೆರೆದು ನೋಡುತ್ತ ಹೋದರೆ ಹದಿನೇಳು ನೋಟಗಳಲ್ಲಿ ಬೇಕಾದ ಹೆಸರು ಸಿಕ್ಕೇ ಸಿಕ್ಕುತ್ತದೆ. ಕ್ರಮವಿಲ್ಲದಿದ್ದರೆ ಲಕ್ಷ ನೋಟಗಳು. ನಿಘಂಟನ್ನು ಬಳಸಿದವರಿಗೆಲ್ಲ ಇದು ತಿಳಿದ ಸಂಗತಿಯೇ. ಅಕಾರಾದಿಗಳನ್ನು ಕಟ್ಟುವುದರಲ್ಲಿಯೇ ಆಯುಷ್ಯವನ್ನು ಕಳೆದ ವಿದ್ವಾಂಸರ ಗ್ರಂಥಸೂಚಿಗೆ ಒಳಗಡೆ ಅಕಾರಾದಿಯೇ ಇರಲಿಲ್ಲವೆಂಬುದು ಮಾತ್ರ ನಗುವುದೋ ಅಳುವುದೋ ತಿಳಿಯದ ವಿಷಯ.

ಎರಡನೆಯ ದೋಷವು ಇದಕ್ಕಿಂತ ಸೂಕ್ಷ್ಮವಾದುದು. ಕರ್ತೃ, ಲಿಪಿ, ವಿಷಯ ಇವುಗಳನ್ನು ಬೇರೆ ಬೇರೆ ಪಟ್ಟಿಗಳಲ್ಲಿ ಇಟ್ಟಿದ್ದರು. ಅದು ಸರಿಯಾದ ಪದ್ಧತಿಯೇ. ಆದರೆ ಪ್ರೋಗ್ರಾಮು ಮೊದಲು ನೂರು ಹಸ್ತಪ್ರತಿಗಳ ಪಟ್ಟಿಯನ್ನು ಕೇಳಿ ತಂದು, ಅನಂತರ ಪ್ರತಿಯೊಂದು ಹಸ್ತಪ್ರತಿಗೂ ಕರ್ತೃವನ್ನೊಮ್ಮೆ, ಲಿಪಿಯನ್ನೊಮ್ಮೆ, ವಿಷಯವನ್ನೊಮ್ಮೆ ಕೇಳುತ್ತಿತ್ತು. ಒಂದು ಪುಟಕ್ಕೆ ಮುನ್ನೂರ ಒಂದು ಸಲ ಉಗ್ರಾಣಕ್ಕೆ ನಡೆದಂತಾಯಿತು. ಸಾರಿಗೆ ಬೇಕಾದುದನ್ನೆಲ್ಲ ಒಂದು ಸಲ ಪಟ್ಟಿಮಾಡಿ ತರುವ ಬದಲು ಕಾಳುಮೆಣಸಿಗೊಮ್ಮೆ, ಜೀರಿಗೆಗೊಮ್ಮೆ ಓಡುವ ಪಾಚಕನನ್ನು ಯಾರು ತಾನೆ ಇಟ್ಟುಕೊಂಡಾರು? ಉಗ್ರಾಣಿಯು ಎಷ್ಟು ಚುರುಕಾಗಿದ್ದರೂ ಓಡಾಟದ ಹೊತ್ತು ಹೊತ್ತೇ. ಹತ್ತು ಹಸ್ತಪ್ರತಿಗಳನ್ನಿಟ್ಟುಕೊಂಡು ಪರೀಕ್ಷಿಸುವಾಗ ಈ ದೋಷವು ಕಾಣುವುದಿಲ್ಲ. ಸಂಗ್ರಹವು ಬೆಳೆದಂತೆಲ್ಲ ಪ್ರಕಟವಾಗುತ್ತದೆ. ಎಲ್ಲವನ್ನೂ ಒಂದೇ ಪ್ರಶ್ನೆಯಲ್ಲಿ ಕೇಳುವಂತೆ ತಿದ್ದುವುದೇ ಇದಕ್ಕೆ ಔಷಧ.

ಇಷ್ಟನ್ನು ಸರಿಪಡಿಸಿದರೂ ಒಂದು ಮೂಲಪ್ರಶ್ನೆ ಉಳಿಯುತ್ತದೆ. ನೂರು ಜನ ಒಂದೇ ಪುಟವನ್ನು ಕೇಳಿದರೆ ನೂರು ಸಲ ರಚಿಸಬೇಕೆ? ಇಲ್ಲಿ ನಮ್ಮ ಪೂರ್ವಮೀಮಾಂಸೆಯವರು ಮಾಡಿದ ವಿಂಗಡಣೆಯೊಂದು ಬಹಳ ಉಪಯುಕ್ತವಾಗುತ್ತದೆ. ಜೈಮಿನಿಯ ಹನ್ನೊಂದನೆಯ ಅಧ್ಯಾಯದ ವಿಷಯ ತಂತ್ರ. ಹನ್ನೆರಡನೆಯದರ ವಿಷಯ ಪ್ರಸಂಗ. ಅನೇಕ ಪ್ರಧಾನಗಳನ್ನು ಉದ್ದೇಶಿಸಿ ಒಂದು ಅಂಗವನ್ನು ಒಂದೇ ಸಲ ಮಾಡಿದರೆ ಅದು ತಂತ್ರ. ಪೂರ್ಣಮಾಸದಲ್ಲಿ ಆಗ್ನೇಯ, ಉಪಾಂಶುಯಾಜ, ಅಗ್ನೀಷೋಮೀಯಗಳೆಂಬ ಮೂರು ಪ್ರಧಾನಗಳಿದ್ದರೂ ಐದು ಪ್ರಯಾಜಗಳನ್ನು ಮೂರು ಸಲ ಮಾಡುವುದಿಲ್ಲ. ಒಮ್ಮೆ ಮಾಡಿದರೆ ಮೂರಕ್ಕೂ ಸಲ್ಲುತ್ತದೆ. ಹಾಗಲ್ಲದೆ ಒಂದೊಂದಕ್ಕೂ ಬೇರೆಯಾಗಿಯೇ ಮಾಡತಕ್ಕದ್ದು ಆವಾಪ. ಇನ್ನು, ಒಂದರ ಸಲುವಾಗಿ ಮಾಡಿದ್ದು ಉದ್ದೇಶವಿಲ್ಲದೆಯೇ ಮತ್ತೊಂದಕ್ಕೆ ಉಪಕಾರವಾದರೆ ಅದು ಪ್ರಸಂಗ. ಶಬರಸ್ವಾಮಿಯು ಕೊಡುವ ದೃಷ್ಟಾಂತಗಳೂ ಸೊಗಸಾಗಿವೆ: ಹಲವರು ಕುಳಿತ ನಡುವೆ ಎಲ್ಲರಿಗಾಗಿ ಹಚ್ಚಿಟ್ಟ ದೀಪವು ತಂತ್ರ, ಮಹಡಿಯ ಮನೆಯವನು ತನಗಾಗಿ ಹಚ್ಚಿದ ದೀಪವು ಬೀದಿಗೂ ಬೆಳಕು ಕೊಟ್ಟರೆ ಅದು ಪ್ರಸಂಗ.

ಸಾಧ್ಯಪುಟಗಳ ಲೋಕದಲ್ಲಿ ಕ್ಯಾಶ್ ಎಂದು ಹೇಳುವುದು ಪ್ರಾಯಿಕವಾಗಿ ಈ ಪ್ರಸಂಗವೇ. (ನಗದು ಹಣವೆಂಬ ಅರ್ಥದ ಕ್ಯಾಶ್ ಬೇರೆ, ಇದು ಬಚ್ಚಿಡು ಎಂಬರ್ಥದ ಫ್ರೆಂಚ್ ಧಾತುವಿನಿಂದ ಬಂದುದು. ಗೊಂದಲವಾಗದಿರಲೆಂದು ನಾನು ಸಿದ್ಧಕೋಶವೆನ್ನುತ್ತೇನೆ.) ಮೊದಲನೆಯ ಓದುಗನು ಕೇಳಿದಾಗ ಪುಟವನ್ನು ರಚಿಸಿ ಅವನಿಗೆ ಕೊಟ್ಟು, ಒಂದು ಪ್ರತಿಯನ್ನು ಸಿದ್ಧಕೋಶದಲ್ಲಿ ಇಡುತ್ತಾರೆ. ಅವನಿಗಾಗಿ ಹಚ್ಚಿದ ದೀಪವು ಎರಡನೆಯವನಿಗೂ ನೂರನೆಯವನಿಗೂ ಬೆಳಗುತ್ತದೆ. ವಿಕಿಪೀಡಿಯವು ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿರುವುದು ಈ ಉಪಾಯದಿಂದಲೇ. ಅಲ್ಲಿ ಲೇಖನವು ಉಗ್ರಾಣದಲ್ಲಿ ವಿಕಿಲಿಪಿಯಲ್ಲಿ ಇರುತ್ತದೆ. ಅದರೊಳಗೆ ಟೆಂಪ್ಲೇಟುಗಳೆಂಬ ಅಚ್ಚುಗಳಿಗೆ ನಿರ್ದೇಶಗಳಿರುತ್ತವೆ. ಇವೆಲ್ಲವನ್ನೂ ಬಿಡಿಸಿ ಬ್ರೌಸರಿಗೆ ತಿಳಿಯುವ ರೂಪಕ್ಕೆ ತರುವುದೇ ಹೆಚ್ಚು ಶ್ರಮದ ಕೆಲಸ. ಹೀಗೆ ಬಿಡಿಸಿದ ಲೇಖನದೇಹವನ್ನು ಒಂದು ಕೋಶದಲ್ಲಿಯೂ, ತಲೆ ಬಾಲಗಳೊಡನೆ ಪೂರ್ತಿಯಾದ ಪುಟವನ್ನು ಸಿಂಗಪುರವೇ ಮೊದಲಾದ ಹೊರಠಾಣ್ಯಗಳ ಕೋಶಗಳಲ್ಲಿಯೂ ಇಟ್ಟಿರುತ್ತಾರೆ. ಹೆಸರು ನೋಂದಾಯಿಸಿಕೊಂಡು ಒಳಗೆ ಬಂದವನ ಪುಟದಲ್ಲಿ ಅವನ ಹೆಸರೂ ಅವನು ಆರಿಸಿದ ವಿಧಾನಗಳೂ ಇರಬೇಕಾದುದರಿಂದ ಹೊರಠಾಣ್ಯದ ಪೂರ್ಣಪುಟವು ಅವನಿಗೆ ಸಲ್ಲುವುದಿಲ್ಲ. ಆ ಭಾಗವು ಆವಾಪ. ಲೇಖನದೇಹವು ಮಾತ್ರ ಅವನಿಗೂ ಕೋಶದಿಂದಲೇ ಬರುತ್ತದೆ. ಯಾವುದು ಎಲ್ಲರಿಗೂ ಸಾಧಾರಣ, ಯಾವುದು ಒಬ್ಬೊಬ್ಬನಿಗೆ ಪ್ರತ್ಯೇಕ ಎಂಬ ವಿವೇಕವನ್ನು ರಚನೆಯ ಮೊದಲಿನಲ್ಲಿಯೇ ಮಾಡದ ತಾಣಗಳಲ್ಲಿ, ಮೂಲೆಯಲ್ಲಿ ಒಂದು ಹೆಸರನ್ನು ತೋರಿಸುವುದಕ್ಕಾಗಿ ಇಡೀ ಪುಟವನ್ನು ಪುನಃ ಬೇಯಿಸುತ್ತಾರೆ. ಇದು ಬಹುಸಾಧಾರಣವಾದ ತಪ್ಪು.

ಹಾಗಾದರೆ ಸಿದ್ಧಕೋಶವಿದ್ದಲ್ಲಿ ಎಲ್ಲವೂ ಮುಗಿಯಿತೇ ಎಂದರೆ, ಇಲ್ಲ. ಇಟ್ಟ ಅನ್ನವು ಹಳಸುತ್ತದೆ. ಲೇಖನವನ್ನು ಯಾರಾದರೂ ತಿದ್ದಿದೊಡನೆಯೇ ಕೋಶದಲ್ಲಿರುವ ಪ್ರತಿಯು ಸುಳ್ಳಾಗುತ್ತದೆ, ಅದನ್ನು ತೆಗೆದುಹಾಕಬೇಕು. ತಿದ್ದಿದ್ದು ಒಂದು ಟೆಂಪ್ಲೇಟನ್ನಾದರೆ ಅದನ್ನು ಬಳಸಿದ ಸಾವಿರಾರು ಲೇಖನಗಳೂ ಒಮ್ಮೆಗೇ ಹಳಸುತ್ತವೆ. ಯಾವ ಲೇಖನವು ಯಾವ ಟೆಂಪ್ಲೇಟನ್ನು ಆಶ್ರಯಿಸಿದೆಯೆಂಬ ಪಟ್ಟಿಯನ್ನು ಇಟ್ಟುಕೊಂಡು, ಅವನ್ನು ಸರತಿಯ ಮೇಲೆ ನಿಧಾನವಾಗಿ ಹೊಸದುಮಾಡುತ್ತ ಹೋಗುವುದು ವಿಕಿಪೀಡಿಯದ ಕ್ರಮ. ಬೇಗನೆ ಕೊಡುವುದಕ್ಕಿಂತ, ಕೊಟ್ಟದ್ದು ಇನ್ನೂ ನಿಜವೇ ಎಂದು ತಿಳಿಯುವುದೇ ಹೆಚ್ಚು ಕಷ್ಟವೆಂದು ಈ ಉದ್ಯೋಗದಲ್ಲಿರುವವರು ಹೇಳುತ್ತಾರೆ. ಅದು ನಿಜವೆಂದು ನನಗೂ ತೋರುತ್ತದೆ.

ಈ ಕಷ್ಟವು ಎಷ್ಟು ದೂರ ಹೋಗಬಹುದೆಂಬುದಕ್ಕೆ ೨೦೦೯ರ ಒಂದು ಘಟನೆಯೇ ಸಾಕ್ಷಿ. ಆ ವರ್ಷ ಜೂನ್ ೨೫ರಂದು ಅಮೆರಿಕದ ಗಾಯಕ ಮೈಕೇಲ್ ಜಾಕ್ಸನ್ನನು ತೀರಿಕೊಂಡನು. ಸುದ್ದಿ ಹರಡಿದೊಡನೆ ಲಕ್ಷಗಟ್ಟಲೆ ಜನ ವಿಕಿಪೀಡಿಯದಲ್ಲಿ ಅವನ ಲೇಖನವನ್ನು ತೆರೆದರು. ಅಷ್ಟರಿಂದಲೇ ಹಾನಿಯಾಗುತ್ತಿರಲಿಲ್ಲ, ಒಂದೇ ಸಿದ್ಧಪ್ರತಿಯನ್ನು ಎಷ್ಟು ಜನಕ್ಕಾದರೂ ಹಂಚಬಹುದು. ಆದರೆ ಅದೇ ವೇಳೆಯಲ್ಲಿ ಅನೇಕರು ಆ ಲೇಖನವನ್ನು ಮೇಲಿಂದ ಮೇಲೆ ತಿದ್ದುತ್ತಲೂ ಇದ್ದರು. ಪ್ರತಿಯೊಂದು ತಿದ್ದುಪಡಿಗೂ ಕೋಶವು ಬರಿದಾಗುತ್ತಿತ್ತು. ಲೇಖನವು ದೊಡ್ಡದು, ಅಡಿಟಿಪ್ಪಣಿಗಳು ಬಹಳ. ಅವೆಲ್ಲವೂ ಟೆಂಪ್ಲೇಟುಗಳಿಂದ ಆದವು. ಹೊಸ ಪ್ರತಿಯನ್ನು ಬಿಡಿಸಲು ಅನೇಕ ಸೆಕೆಂಡುಗಳು ಹಿಡಿಯುತ್ತಿದ್ದುವು. ಆ ಸೆಕೆಂಡುಗಳಲ್ಲಿ ಬಂದ ಓದುಗರೆಲ್ಲರಿಗೂ ಕೋಶವು ಬರಿದಾಗಿಯೇ ಕಾಣುತ್ತಿದ್ದುದರಿಂದ, ಒಂದೊಂದು ಯಂತ್ರವೂ ಮತ್ತೊಂದು ಅದೇ ಕೆಲಸದಲ್ಲಿ ತೊಡಗಿದೆಯೆಂಬುದನ್ನು ತಿಳಿಯದೆ ಅದೇ ಲೇಖನವನ್ನು ಮೊದಲಿನಿಂದ ಬಿಡಿಸತೊಡಗಿತು. ನೂರು ಒಲೆಗಳ ಮೇಲೆ ಒಂದೇ ಪದಾರ್ಥವು ಬೇಯುತ್ತಿದ್ದಂತಾಗಿ, ಬೇರೆ ಲೇಖನಗಳಿಗೆ ಒಲೆಯೇ ಉಳಿಯಲಿಲ್ಲ. ಇಡೀ ತಾಣವೇ ಕುಂಟಿತು.

ಅನಂತರ ಅವರು ಮಾಡಿಕೊಂಡ ವ್ಯವಸ್ಥೆಗೆ ಪೂಲ್‌ಕೌಂಟರ್ ಎಂದು ಹೆಸರು. ಒಂದು ಲೇಖನವನ್ನು ಯಾವುದಾದರೊಂದು ಯಂತ್ರವು ಬಿಡಿಸಲು ತೊಡಗಿದ್ದರೆ ಉಳಿದವು ತಾವೂ ತೊಡಗದೆ ಕಾಯುತ್ತವೆ. ಸಿದ್ಧವಾದೊಡನೆ ಅದನ್ನೇ ಎಲ್ಲರಿಗೂ ಬಡಿಸುತ್ತವೆ. ಕಾಯುವುದು ಹೆಚ್ಚಾದರೆ ಕ್ಷಣಕಾಲ ಹಿಂದಿನ ಹಳೆಯ ಪ್ರತಿಯನ್ನೇ ಕೊಟ್ಟು ಓದುಗನನ್ನು ಕಳುಹಿಸುತ್ತವೆ. ಪ್ರಸಂಗವೆಂದು ಬಿಟ್ಟುಬಿಟ್ಟಿದ್ದುದನ್ನು ತಂತ್ರವಾಗಿ ಮಾಡಿಕೊಂಡರೆಂದು ಇದನ್ನು ನಮ್ಮ ಪರಿಭಾಷೆಯಲ್ಲಿ ಹೇಳಬಹುದು. ಸ್ವಲ್ಪ ಹಳೆಯದನ್ನು ಕೊಡುವುದು ಅಸತ್ಯವಲ್ಲವೇ ಎಂದು ಶಂಕೆ ಬರಬಹುದು. ಕೆಲವು ಕ್ಷಣಗಳ ಹಿಂದಿನ ಲೇಖನದಿಂದ ಓದುಗನಿಗೆ ಹಾನಿಯಿಲ್ಲ; ಪುಟವೇ ಬಾರದಿದ್ದರೆ ಹಾನಿಯುಂಟು. ರೈಲಿನಲ್ಲಿ ಉಳಿದಿರುವ ಸ್ಥಳಗಳ ಲೆಕ್ಕವನ್ನು ತೋರಿಸುವ ಪುಟಕ್ಕೆ ಈ ಸಮಾಧಾನವು ಸಲ್ಲದು. ಯಾವ ಪುಟವು ಎಷ್ಟು ಹಳೆಯದಾಗಬಹುದೆಂಬುದನ್ನು ವಿಷಯವನ್ನು ನೋಡಿ ನಿಶ್ಚಯಿಸಬೇಕೇ ಹೊರತು ಎಲ್ಲಕ್ಕೂ ಒಂದೇ ನಿಯಮವಿಲ್ಲ.

ಕಾಯುವ ವ್ಯವಸ್ಥೆಯೊಂದಿಗೆ ಬೇಯಿಸುವುದೂ ಚುರುಕಾಗಬೇಕಾಗಿತ್ತು. ಟೆಂಪ್ಲೇಟುಗಳ ಭಾಷೆಯು ಮೊದಲು ಬರಿಯ ಪದಗಳನ್ನು ತುಂಬುವುದಕ್ಕಾಗಿ ಹುಟ್ಟಿದ್ದು. ಅದರಿಂದಲೇ ಲೆಕ್ಕಾಚಾರವನ್ನೂ ಮಾಡಿಸಹೋದುದೇ ನಿಧಾನಕ್ಕೆ ಕಾರಣವಾಗಿತ್ತು. ೨೦೧೩ರಲ್ಲಿ ಲೂಅ ಎಂಬ ಪುಟ್ಟ ಗಣಕಭಾಷೆಯನ್ನು ಅದರೊಳಗೆ ಸೇರಿಸಿದರು. ಇದು ೧೯೯೩ರಲ್ಲಿ ಬ್ರೆಜಿಲ್ ದೇಶದಲ್ಲಿ ಹುಟ್ಟಿದ್ದು. ಪೋರ್ಚುಗೀಸಿನಲ್ಲಿ ಲೂಅ ಎಂದರೆ ಚಂದ್ರ. ಅಡಿಟಿಪ್ಪಣಿಗಳ ಟೆಂಪ್ಲೇಟುಗಳನ್ನು ಇದರಲ್ಲಿ ಬರೆದ ಮೇಲೆ ದೊಡ್ಡ ಲೇಖನಗಳು ಬಹಳ ಬೇಗ ಬಿಡಿಸತೊಡಗಿದುವು. ೨೦೧೪ರ ಡಿಸೆಂಬರಿನ ವೇಳೆಗೆ ಪ್ರೋಗ್ರಾಮನ್ನು ನಡೆಯಿಸುವ ಯಂತ್ರಭಾಗವನ್ನೇ ಬದಲಿಸಿ ಎಚ್‌ಎಚ್‌ವಿಎಂ ಎಂಬುದನ್ನು ಅಳವಡಿಸಿದರು. ೨೦೧೯ರಲ್ಲಿ ಅದನ್ನೂ ಬಿಟ್ಟು ಪಿಎಚ್‌ಪಿಯ ಏಳನೆಯ ಆವೃತ್ತಿಗೆ ಬಂದರು. ಒಲೆಯನ್ನು ಬದಲಿಸಿದ ಈ ವಿವರಗಳು ಇಲ್ಲಿ ಇಷ್ಟು ಸಾಕು.

ಈಗ ಕನ್ನಡಕ್ಕೆ ಬರುತ್ತೇನೆ. ಕನ್ನಡ ವಿಕಿಪೀಡಿಯವು ೨೦೦೩ರ ಜೂನ್ ತಿಂಗಳಲ್ಲಿ ಮೊದಲಾಯಿತು. ಅದನ್ನು ನಡೆಯಿಸುವ ಯಂತ್ರಗಳೂ ಕೋಶಗಳೂ ಇಂಗ್ಲಿಷಿನದಕ್ಕೆ ಇರುವವೇ, ಪಕ್ಷಪಾತವಿಲ್ಲ. ಆದರೂ ಕನ್ನಡದ ಓದುಗನಿಗೆ ಒಂದು ತೊಡಕಿದೆ, ಅದು ಪ್ರಸಂಗದ ಸ್ವಭಾವದಿಂದಲೇ ಬಂದುದು. ಕೋಶದಲ್ಲಿ ಸ್ಥಳವು ಮಿತವಾದುದು. ಇಟ್ಟ ಪ್ರತಿಗಳಿಗೆ ಕಾಲಮಿತಿಯೂ ಉಂಟು. ಗಳಿಗೆಗೊಮ್ಮೆ ಕೇಳುವ ಪುಟವು ಅಲ್ಲಿ ನೆಲೆಯಾಗಿ ನಿಲ್ಲುತ್ತದೆ. ತಿಂಗಳಿಗೊಮ್ಮೆ ಕೇಳುವ ಪುಟವು ಹೊರಬೀಳುತ್ತದೆ. ಇಂಗ್ಲಿಷಿನ ಪ್ರಸಿದ್ಧ ಲೇಖನವನ್ನು ತೆರೆಯುವವನಿಗೆ ಮುಂದಿನವರು ಯಾರೋ ದೀಪವನ್ನು ಹಚ್ಚಿಟ್ಟಿರುತ್ತಾರೆ. ಕನ್ನಡದಲ್ಲಿ ಒಬ್ಬ ಶಾಸನಕವಿಯ ಮೇಲಿನ ಲೇಖನವನ್ನು ತೆರೆಯುವವನು ಬಹುಶಃ ಆ ದಿನದ, ಒಮ್ಮೊಮ್ಮೆ ಆ ವಾರದ, ಮೊದಲನೆಯ ಓದುಗ. ಅವನ ಪುಟವು ಹೊರಠಾಣ್ಯದಲ್ಲಿ ಸಿಕ್ಕದೆ ದೂರದ ಅಡಿಗೆಮನೆಯವರೆಗೆ ಹೋಗಬೇಕು. ಅಲ್ಲಿಯೂ ದೇಹವು ಸಿದ್ಧವಾಗಿಲ್ಲದಿದ್ದರೆ ಆಗ ಬೇಯಬೇಕು. ಓದುಗರು ಕಡಮೆಯಾದ ಭಾಷೆಯವನು ಪ್ರತಿಯೊಂದು ಸಲವೂ ಮೊದಲಿಗನ ಸುಂಕವನ್ನು ತೆರುತ್ತಾನೆ. ಆದುದರಿಂದ ಅಂತಹ ಭಾಷೆಗಳಲ್ಲಿ ಕೋಶವನ್ನು ನಂಬಿ ಕೂರುವಂತಿಲ್ಲ, ರಚನೆಯೇ ಹಗುರವಾಗಿರಬೇಕು. ಇಂಗ್ಲಿಷಿನಿಂದ ತಂದ ದೊಡ್ಡ ಟೆಂಪ್ಲೇಟುಗಳನ್ನು ನಾಲ್ಕು ಸಾಲಿನ ಕನ್ನಡ ಲೇಖನಕ್ಕೆ ಹೊದಿಸುವಾಗ ನಮ್ಮ ಸಂಪಾದಕರು ಇದನ್ನು ಸ್ವಲ್ಪ ಮನಸ್ಸಿಗೆ ತಂದುಕೊಳ್ಳಬೇಕೆಂದು ಬೇಡುತ್ತೇನೆ.

ಲಿಪಿಯ ವಿಷಯವನ್ನೂ ಒಂದು ಮಾತು ಹೇಳಬೇಕು. ಈಗ ಎಲ್ಲೆಡೆಯೂ ನಡೆಯುವ ಯುಟಿಎಫ್-೮ ಎಂಬ ಸಂಕೇತಪದ್ಧತಿಯಲ್ಲಿ ರೋಮನ್ ಅಕ್ಷರಕ್ಕೆ ಒಂದು ಬೈಟು, ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟುಗಳು. ಕನ್ನಡ ಎಂಬ ಶಬ್ದವನ್ನು ರೋಮನ್ನಿನಲ್ಲಿ ಬರೆದರೆ ಏಳು ಬೈಟು. ನಮ್ಮ ಲಿಪಿಯಲ್ಲಿ ಕ, ನ, ವಿರಾಮಚಿಹ್ನೆ, ನ, ಡ ಎಂಬ ಐದು ಸಂಕೇತಗಳಿಗೆ ಹದಿನೈದು. ಆದರೆ ಭಯಪಡಬೇಕಾಗಿಲ್ಲ. ಆ ಮೂರರಲ್ಲಿ ಮೊದಲನೆಯ ಬೈಟು ಯಾವಾಗಲೂ ಒಂದೇ, ಎರಡನೆಯದು ಎರಡರಲ್ಲೊಂದು. ಹೀಗೆ ಪುನರಾವೃತ್ತಿಯಾಗುವುದನ್ನು ಸಂಕೋಚಕ್ರಿಯೆಯು ಚೆನ್ನಾಗಿ ಹಿಂಡಿಹಾಕುತ್ತದೆ. ಪುಟವನ್ನು ಸಂಕೋಚಿಸಿ ಕಳುಹಿಸದ ತಾಣಗಳು ಮಾತ್ರ ಕನ್ನಡದ ಓದುಗನ ಹಣವನ್ನೂ ಹೊತ್ತನ್ನೂ ವ್ಯರ್ಥವಾಗಿ ವೆಚ್ಚಮಾಡಿಸುತ್ತವೆ. ಇದು ಯಂತ್ರದಲ್ಲಿ ಒಂದು ಸಾಲಿನ ಆಜ್ಞೆಯಿಂದ ಸರಿಹೋಗುವ ವಿಷಯ.

ನಮ್ಮ ಹಸ್ತಪ್ರತಿಸೂಚಿಯ ಕಥೆ ಏನಾಯಿತೆಂದರೆ, ಸಂಸ್ಥೆಯವರು ಶಿಷ್ಯನ ಮಾತನ್ನು ಸೌಜನ್ಯದಿಂದ ಕೇಳಿದರು. ಅಕಾರಾದಿಯನ್ನು ಕಟ್ಟಿಸಿದರು, ಮುನ್ನೂರ ಒಂದು ಪ್ರಶ್ನೆಗಳು ಒಂದಾದುವು. ಪುಟವು ಈಗ ಕೇಳಿದ ಕೂಡಲೆ ಬರುತ್ತದೆ, ವಿದ್ಯಾರ್ಥಿಗಳ ದೂರವಾಣಿಯೂ ನಿಂತಿದೆ. ಅವನು ಮತ್ತೊಂದು ಸಲಹೆಯನ್ನೂ ಕೊಟ್ಟಿದ್ದಾನೆ. ಈ ಸೂಚಿಯು ವರ್ಷಕ್ಕೆ ಒಂದೆರಡು ಸಲ ಮಾತ್ರ ಬದಲಾಗುವುದು. ಹೀಗಿರಲು ಒಂದೊಂದು ಹಸ್ತಪ್ರತಿಗೂ ಒಬ್ಬೊಬ್ಬ ಕರ್ತೃವಿಗೂ ಒಂದೊಂದು ವಿಷಯಕ್ಕೂ ಪುಟಗಳನ್ನೆಲ್ಲ ಮೊದಲೇ ರಚಿಸಿಟ್ಟುಬಿಟ್ಟರೆ ಕೇಳಿದಾಗ ಬೇಯಿಸುವುದೇ ತಪ್ಪುತ್ತದೆ, ಸಾಧ್ಯವು ಸಿದ್ಧವಾಗುತ್ತದೆ. ಮನಬಂದ ಶಬ್ದವನ್ನು ಕೊಟ್ಟು ಹುಡುಕುವ ಪುಟವೊಂದು ಮಾತ್ರ ಸಾಧ್ಯವಾಗಿ ಉಳಿಯುತ್ತದೆ. ಎಲ್ಲರನ್ನೂ ಉದ್ದೇಶಿಸಿ ಮೊದಲೇ ಹಚ್ಚಿದ ದೀಪವಾದುದರಿಂದ ಇದು ನಿಜವಾದ ತಂತ್ರ. ವರ್ಷಕ್ಕೊಬ್ಬನೇ ಓದುವ ಓಲೆಗರಿಯ ಪುಟವೂ ಆ ಒಬ್ಬನಿಗೆ ತಡೆಯಿಲ್ಲದೆ ತೆರೆಯುವುದು. ಸಲಹೆಯು ಈಗ ಸಂಸ್ಥೆಯ ಸಮಿತಿಯ ಮುಂದಿದೆ. ಒಪ್ಪಿಗೆ ಬಂದರೆ ಕರ್ತೃಗಳ ಅಕಾರಾದಿಯಿಂದ ಮೊದಲುಮಾಡಬೇಕೆಂದು ನಾವಿಬ್ಬರೂ ನಿಶ್ಚಯಿಸಿದ್ದೇವೆ. ಒಂದೇ ಹೆಸರಿನ ಹಲವು ಕರ್ತೃಗಳನ್ನು ಬೇರೆಬೇರೆಯಾಗಿ ಗುರುತಿಸಿ ಪಟ್ಟಿಮಾಡುವ ಭಾಗವು ನನ್ನ ಪಾಲಿಗೆ ಬಂದಿದೆ.